ಬಿತ್ತಿ ಬೆಳೆದ ಕಳೆ

ಮೊನ್ನೆ ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈಚೀಲ ಹಿಡಿದು ನಿಲ್ಲಿಸಿದಳು. "ಸ್ಟೋರ್ ಸಾ ಅಲ್ವಾ ನೀವು? ಅಕ್ಕ ರಿಟೈರಾದ್ರು, ನೀವು ಬರ್ನೇ ಇಲ್ವಲ್ಲ!" ಎಂದು ಜಗಳಕ್ಕೇ ಬಿದ್ದಳು. ಆಗ ಮಂಡಿನೋವು, ಮಾಗಡಿಯಿಂದ ಅಷ್ಟು ದೂರ ಬರಲಾಗಲಿಲ್ಲ ಎಂದೆ. ಒಪ್ಪಲಿಲ್ಲ. ಕೆಲಸ ಬಿಟ್ಟು ಹೋದವರೆಲ್ಲ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರಂತೆ. ಹೂವಿನ ಹಾರ ಹಾಕಿ ಹಾಕಿ ಅಕ್ಕನ ಮೂಗೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಕೊನೆಗೆ ನಿಟ್ಟುಸಿರಿಟ್ಟು ಹೇಳಿದಳು: "ಏನೇ ಅನ್ನಿ ಸಾ, ಅಂಗೆ ಜನುನ್ನ ಎಳ್ಕಳೋದು ಉಟ್ಟಿನಿಂದ್ಲೇ ಬಂದಿರ್ಬೇಕು."

ಅಷ್ಟರಲ್ಲಿ ಅವಳ ಬಸ್ಸು ಬಂತು, ಅವಳು ಓಡಿದಳು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಒಬ್ಬನೇ ನಕ್ಕೆ. ಹುಟ್ಟಿನಿಂದ ಬಂದದ್ದಂತೆ! ಆಯಮ್ಮ ನಮ್ಮ ಕಾರ್ಖಾನೆಯ ಗೇಟು ದಾಟಿ ಒಳಗೆ ಬಂದ ದಿನ ನಾನು ಅಲ್ಲೇ ಇದ್ದವನು. ಅವತ್ತು ಅವಳ ಜೊತೆ ಒಂದು ಬುತ್ತಿಗಂಟು ಬಂದಿತ್ತು, ಹಳೆಯ ಛತ್ರಿ ಬಂದಿತ್ತು. ಜನರನ್ನು ಎಳೆದುಕೊಳ್ಳುವ ಗುಣ ಮಾತ್ರ ಬಂದಿರಲಿಲ್ಲ. ಅದು ಆಮೇಲೆ ಬೆಳೆದದ್ದು. ಬೆಳೆಸಿದವಳೂ ಅವಳೇ.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ "ನನ್ನೇನು ಓಟಿಗೆ ನಿಲ್ಸೀರಾ ಸಾ?" ಎಂದು ಕೇಳಿಯಾಳು. ನಮ್ಮ ಸೀಮೆಯಲ್ಲಿ ಇಂಥವರನ್ನು ಆಯಮ್ಮ ಅನ್ನುತ್ತೇವೆ. ಆ ಮಾತಿನಲ್ಲಿ ಗೌರವವೂ ಇದೆ, ಸಲಿಗೆಯೂ ಇದೆ. ಅಷ್ಟು ಸಾಕು.

ಹಾರೋಹಳ್ಳಿ ಕಡೆಯ ರಾಗಿ ಹೊಲಗಳಲ್ಲಿ ತಗಡಿನ ಸೂರುಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ನಿನ್ನೆ ದನ ಮೇಯುತ್ತಿದ್ದ ಕಡೆ ಇವತ್ತು ಕಾಂಪೌಂಡು, ನಾಳೆ ಸೈರನ್ನು. ಅಂಥದೊಂದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಸೂಜಿ, ದಾರ, ಗುಂಡಿ, ಯಂತ್ರದ ಎಣ್ಣೆ ಕೊಡುವ ಸ್ಟೋರಿನಲ್ಲಿ ನಾನು ಕೂರುತ್ತಿದ್ದೆ. ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವ ದಿನ ಆಫೀಸಿನಲ್ಲಿ ಜಾಗ ಸಾಲದೆ ನನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಕೇಳುವವರು ಮಂಗಳೂರು ಕಡೆಯ ಒಬ್ಬ ಹುಡುಗ ಆಫೀಸರು, ಪುಸ್ತಕದಷ್ಟು ಶುದ್ಧವಾದ ಕನ್ನಡ.

ಆಯಮ್ಮನ ಸರದಿ ಬಂತು. ನಲವತ್ತರ ಹತ್ತಿರದ ಹೆಂಗಸು. ಸೆರಗನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಾ ನಿಂತಳು. ಸಲಿಗೆ ಬರಲೆಂದು ಆ ಹುಡುಗ ನಗುತ್ತಾ ಕೇಳಿದ, "ಹೆಸರು ಇಟ್ಟವರು ಯಾರಮ್ಮ?"

ನಮ್ಮ ಕಡೆಯವರ ಬಾಯಲ್ಲಿ ಹೆಸರೂ ಎಸರೇ, ಮುದ್ದೆಗೆ ಒಲೆಯ ಮೇಲಿಡುವ ಕುದಿನೀರೂ ಎಸರೇ. ಗಾಬರಿಯಲ್ಲಿ ಇವಳಿಗೆ ಒಲೆಯ ಮೇಲಿನದೇ ಹೊಳೆಯಿತು.

"ನಾನೇ ಇಟ್ಬುಟ್ಟು ಬಂದೀವ್ನಿ ಸಾ. ನಮ್ಮತ್ತೆ ಇಟ್ಟಾಕಿ ತೊಳಸ್ತಾರೆ."

ಹುಡುಗ ಕಕ್ಕಾಬಿಕ್ಕಿಯಾದ. ಸಾಲಿನಲ್ಲಿ ನಿಂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ಅವನೂ ನಕ್ಕು, ಅವಳನ್ನು ದಾರ ಕತ್ತರಿಸುವ ಕೆಲಸಕ್ಕೆ ಬರೆದುಕೊಂಡ. ನಗದೆ ಉಳಿದವಳು ಅವಳೊಬ್ಬಳೇ. ಆ ಮೇಲೆ ಬಹಳ ದಿನ ಅವಳು ಬಾಯೇ ಬಿಡಲಿಲ್ಲ. ತೂಬು ಮುಚ್ಚಿದ ಕೆರೆಯ ಹಾಗೆ ಇದ್ದಳು. ಸಾಲಿನವರು "ಎಸರಮ್ಮ" ಎಂದು ಕರೆದರೆ ತಲೆ ಇನ್ನೊಂದಿಷ್ಟು ಬಗ್ಗುತ್ತಿತ್ತು.

ಆ ಸಾಲಿನ ಕಥೆ ಒಸಿ ಹೇಳಬೇಕು. ಕಾರ್ಖಾನೆಯಲ್ಲಿ ಯಂತ್ರಗಳನ್ನು ಸಾಲು ಸಾಲಾಗಿ ಇಟ್ಟು, ಒಂದೊಂದು ಸಾಲಿಗೂ ಒಬ್ಬ ಸೂಪರ್‌ವೈಸರನ್ನು ನಿಲ್ಲಿಸುತ್ತಿದ್ದರು. ಸಾತನೂರು, ದೊಡ್ಡಆಲಹಳ್ಳಿ ಕಡೆಯಿಂದ ಬರುವ ಹೆಂಗಸರೆಲ್ಲ, ಆಯಮ್ಮನೂ ಸೇರಿ, ಒಂದೇ ಸಾಲಿನಲ್ಲಿದ್ದರು. ಮದುವೆ, ಮುಂಜಿ, ಆಸ್ಪತ್ರೆ ಬಿಟ್ಟರೆ ಊರ ಬಸ್ಸು ಹತ್ತದೆ ಇದ್ದವರು ಅವರು. ದಿನಾ ಬೆಳಿಗ್ಗೆ ತಲೆ ಬಾಚಿ, ಹೂ ಮುಡಿದು, ಗಂಡಸಿನ ಹಂಗಿಲ್ಲದೆ ಬಸ್ಸು ಹತ್ತುವುದೆಂದರೆ ಅವರಿಗೆ ಹಬ್ಬವೇ ಆಗಿತ್ತು. ಆದರೆ ಆ ಸಾಲಿನ ಮೇಲೆ ನಿಲ್ಲಲು ಬಂದ ಸೂಪರ್‌ವೈಸರುಗಳು ಒಬ್ಬರಾದ ಮೇಲೊಬ್ಬರು ಕಿರುಚುವವರೇ. ಬೈಸಿಕೊಂಡ ಹುಡುಗಿ ಮರುದಿನ ಬರುತ್ತಿರಲಿಲ್ಲ, ಅವಳ ಜೊತೆಗಾತಿಯೂ ಬರುತ್ತಿರಲಿಲ್ಲ. ಅದರ ಮೇಲೆ ಅವಳು ಸೇರಿದ ವರ್ಷವೇ ಪಿತೃಪಕ್ಷದ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಸತ್ತ ಹಿರಿಯರಿಗೆ ಎಡೆ ಇಡಬೇಕು. ಮನೆಯ ಸೊಸೆಯರು ಒಲೆ ಬಿಟ್ಟು ಕದಲುವಂತಿಲ್ಲ. ಇಡೀ ಸಾಲು ಖಾಲಿ. ಹೊರದೇಶಕ್ಕೆ ಹೋಗಬೇಕಾಗಿದ್ದ ಅಂಗಿಗಳು ಅರ್ಧಕ್ಕೇ ನಿಂತವು, ಲಾರಿ ಬರಿದೇ ಹಿಂದಕ್ಕೆ ಹೋಯಿತು.

ಕೊಯಮತ್ತೂರು ಕಡೆಯವರು ನಮ್ಮ ಮ್ಯಾನೇಜರು. ಕೆಟ್ಟ ಮನುಷ್ಯರಲ್ಲ. ಆದರೆ ಮೇಲಿನವರಿಗೆ ಉತ್ತರ ಹೇಳಬೇಕಲ್ಲ? "ಇನ್ನೊಂದು ಸಲ ಇಂಗೆ ಆಯ್ತು ಅಂದ್ರೆ ಈ ಲೈನ್ ಎತ್ತಿ ಬೇರೆ ಊರಿಗೆ ಹಾಕೋದೇ. ನಾನ್ ಏನೂ ಮಾಡೋಕೆ ಆಗಲ್ಲ" ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟರು.

ಇದಾದ ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ಒಬ್ಬರು ಕೋಟು ಹಾಕಿಕೊಂಡು ಬಂದು, ಸೂಪರ್‌ವೈಸರುಗಳನ್ನು ಕೂರಿಸಿಕೊಂಡು ಪಾಠ ಹೇಳಿದರು. ನಗುತ್ತಾ ಇರಿ, ಕಣ್ಣಿಗೆ ಕಣ್ಣು ಕೊಟ್ಟು ನೋಡಿ, ಎದೆಯೆತ್ತಿ ನಡೆಯಿರಿ. ಸೂಪರ್‌ವೈಸರುಗಳು ಆಕಳಿಸಿದರು. ಹಿಂದೆ ಚೂರು ದಾರ ಗುಡಿಸುತ್ತಿದ್ದ ಆಯಮ್ಮ ಮಾತ್ರ ಪೊರಕೆ ನಿಲ್ಲಿಸಿ ಕೇಳಿದ್ದಳು ಅಂತ ಕಾಣುತ್ತದೆ. ಮರುದಿನ ಬೆಳಗಿನಿಂದ ಸಂಜೆಯವರೆಗೆ ಹಲ್ಲು ಬಿಟ್ಟುಕೊಂಡೇ ಓಡಾಡಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದವಳು ಕೇಳಿಯೇಬಿಟ್ಟಳು:

"ಯಾಕಮ್ಮಿ, ಅಲ್ ನೋವಾ? ಲವಂಗ ಕೊಡ್ಲಾ?"

ಸಂಜೆ ಎಣ್ಣೆ ತೆಗೆದುಕೊಳ್ಳಲು ಸ್ಟೋರಿಗೆ ಬಂದಾಗ ಅವಳ ಮುಖ ಬಾಡಿತ್ತು. ನಾನು ಸಮಾಧಾನಕ್ಕೆ ಅಂತ ಹೇಳಿದೆ, "ಹೋಗಲಿ ಬಿಡವ್ವ. ಆ ಕೋಟಿನವರ ಮುಖದಲ್ಲಿ ಒಂದು ಕಳೆ ಇದೆ, ಅವರು ನಕ್ಕರೆ ಒಪ್ಪುತ್ತದೆ. ಮುಖದ ಕಳೆ ಅನ್ನೋದು ತಾನಾಗಿ ಬರಬೇಕು ಅಂತ ನಮ್ಮಜ್ಜಿ ಹೇಳೋಳು."

ಆಯಮ್ಮ ಎಣ್ಣೆಯ ಡಬ್ಬಿ ಮೇಜಿನ ಮೇಲಿಟ್ಟಳು. ಅಷ್ಟು ದಿನದಲ್ಲಿ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು.

"ತಾನಾಗ್ ಬರೋದು ಒಲದ್ ಕಳೆ ಸಾ. ಅದುನ್ನ ನಾನು ಉಟ್ಟಿದಾಗ್ನಿಂದ ಕೀಳ್ತಾ ಇವ್ನಿ. ಮೊಕದ್ ಕಳೆ ಅಂಗಲ್ಲ ಅನ್ಸ್ತದೆ. ಬಿತ್ತುದ್ರೆ ಬಂದಾತು. ಬೀಜ ಯಾವ್ದು ಅಂತ ಗೊತ್ತಾಗ್ಬೇಕು, ಅಷ್ಟೇಯ."

"ಬಿತ್ತಿ ಏನು ಮಾಡೀಯೆ?"

"ನಮ್ ಸಾಲ್ಗೆ ನಮ್ಮೋರೇ ಒಬ್ರು ನಿಂತ್ಕಬೇಕು. ಇಲ್ದಿದ್ರೆ ಎಲ್ರೂ ಮನೆ ಸೇರ್ಕತೀವಿ. ನಾನ್ ನಿಂತ್ಕತೀನಿ."

ಹೊಲ ಉಳುವವಳ ಹಟವೇ ಹಾಗೆ, ಮಳೆಯ ಮುಖ ನೋಡದೆ ಬಿತ್ತನೆಗೆ ಇಳಿದುಬಿಡುತ್ತದೆ.

ಬೀಜ ಹುಡುಕುವುದನ್ನು ಅವಳು ಶುರುಮಾಡಿದ್ದು ಹೇಗೆಂದರೆ, ತನಗೆ ಯಾರ ಹತ್ತಿರ ಮಾತಾಡಿದರೆ ಹಿತವಾಗುತ್ತದೆ, ಯಾಕೆ ಹಿತವಾಗುತ್ತದೆ ಎಂದು ನೆನೆಸಿಕೊಳ್ಳುತ್ತಾ. ಮೊದಲು ನೆನಪಾದದ್ದು ಒಬ್ಬ ಖಾಲಾ. ಮದುವೆಗೆ ಮುಂಚೆ ಆಯಮ್ಮ ರಾಮನಗರದಲ್ಲಿ ನೆಂಟರ ಮನೆಯಲ್ಲಿದ್ದು, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಒಂದು ಮುಸ್ಲಿಂ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳಂತೆ. ಆ ಮನೆಯ ಹಿರಿಯ ಹೆಂಗಸನ್ನು ಎಲ್ಲರೂ ಖಾಲಾ ಅನ್ನುತ್ತಿದ್ದರು. ಕುದಿಯುವ ಬೋಗುಣಿಯಲ್ಲಿ ಗೂಡುಗಳು ಹೊರಳಾಡುತ್ತಿರುತ್ತವೆ, ಎಳೆ ಹಿಡಿದ ಕೈ ಬಿಡುವ ಹಾಗಿಲ್ಲ. ಅಂಥದರಲ್ಲೂ ಯಾರಾದರೂ ಬಂದು "ಖಾಲಾ, ಒಂದ್ ಮಾತು" ಅಂದರೆ, ಆಕೆ ಎಳೆಯನ್ನು ಪಕ್ಕದವರಿಗೆ ಕೊಟ್ಟು, ಎರಡೂ ಕೈ ಒರೆಸಿಕೊಂಡು, ಕುತ್ತಿಗೆಯನ್ನಷ್ಟೇ ಅಲ್ಲ, ಇಡೀ ಮೈಯನ್ನು ತಿರುಗಿಸಿ ಕೂತು, "ಹಾಂ ಬೇಟಿ, ಈಗ ಬೋಲ್" ಅನ್ನುತ್ತಿದ್ದರಂತೆ.

"ಖಾಲಾ ಒಂದ್ ದಪಾನೂ ನಂಗೆ ರಜ ಕೊಡ್ನಿಲ್ಲ ಸಾ," ಎಂದು ನಗುತ್ತಾ ಹೇಳಿದ್ದಳು. "ಆದ್ರೂ ಕೇಳ್ಬುಟ್ಟು ಬಂದ್ಮ್ಯಾಲೆ ಕೊಟ್ಟಂಗೇ ಆಗೋದು."

ಕೈ ಬಿಟ್ಟು ಕೇಳುವುದು ಎಂದು ಅದಕ್ಕೆ ಅವಳೇ ಹೆಸರಿಟ್ಟಳು. ಅಂದಿನಿಂದ ಯಾರು ಮಾತಾಡಿಸಿದರೂ ಕತ್ತರಿಯನ್ನು ಕೆಳಗಿಡುವಳು. ಮೊದಮೊದಲು ಕೆಲಸ ಹಿಂದೆ ಬಿದ್ದು ಬೈಸಿಕೊಂಡಳು. ಆಮೇಲೆ ಕೈ ಚುರುಕು ಮಾಡಿಕೊಂಡಳು. ಬಿಡಲು ಪುರಸೊತ್ತಿರಲಿ ಎಂದು ಉಳಿದ ಹೊತ್ತಿನಲ್ಲಿ ಬೇಗ ಬೇಗ ಕತ್ತರಿಸುವಳು. ಸ್ವಲ್ಪ ದಿನಕ್ಕೇ ನಾನು ಕಂಡ ಸೋಜಿಗವೆಂದರೆ, ಊಟದ ಹೊತ್ತಿನಲ್ಲಿ ಹೆಂಗಸರು ಬುತ್ತಿ ಹಿಡಿದು ಅವಳ ಪಕ್ಕಕ್ಕೆ ಬಂದು ಕೂರತೊಡಗಿದ್ದು. ಅವಳು ಮಾತಾಡುತ್ತಿದ್ದದ್ದು ಆಗಲೂ ಕಡಿಮೆಯೇ.

ಬಸ್ಸಿನ ಕಂಡಕ್ಟರಿಂದ ಇನ್ನೊಂದು ಕಲಿತಳು. ಸಾತನೂರು ಬಸ್ಸಿನ ಆ ಮಹಾರಾಯ ಟಿಕೆಟು ಹರಿಯುತ್ತಲೇ "ಏನವ್ವ ಮರಳವಾಡಿಯೋಳೆ, ಅಸು ಕರ ಆಕ್ತಾ?", "ಏನ್ಲಾ ಬಸವ, ಎಂಡ್ರು ತವ್ರಿಂದ ಬಂದ್ಲಾ?" ಎಂದು ಹೋದ ಸಲದ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಕಾಲು ತುಳಿಸಿಕೊಂಡವರೂ ಅವನ ಬಸ್ಸನ್ನೇ ಕಾಯುತ್ತಿದ್ದರು. ಆಯಮ್ಮ ದಿನಾ ಸಂಜೆ ಬಸ್ಸಿಳಿದು ಊರಿಗೆ ನಡೆಯುತ್ತಾ, ಅವತ್ತು ಯಾರ್ಯಾರು ಏನೇನು ಹೇಳಿದರು ಎಂದು ಗುಣುಗುಣು ಹೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡಳು. ಗಂಡನಿಗೆ ಅನುಮಾನ ಬಂತು.

"ಏನಮ್ಮಿ ಅದು, ಯಾವ್ ದೇವ್ರ ಮಂತ್ರ?"

"ನಮ್ ಸಾಲ್ನಾಗಿರೋ ದೇವ್ರುಗಳ್ದು. ಸುಮ್ಕಿರು, ಒಬ್ಳು ಬುಟ್ಟೋಯ್ತಾಳೆ."

ದನಿಯ ಕಥೆ ಇನ್ನೂ ಚೆನ್ನ. ಅವಳ ದನಿ ಗಂಟಲಲ್ಲೇ ಕೂತಿರುತ್ತಿತ್ತು, ಜೋರು ಮಾಡಿದರೆ ಕೀರಲಾಗುತ್ತಿತ್ತು. ಹಿಪ್ಪುನೇರಳೆ ತೋಟದಲ್ಲಿ ಮೇಯುತ್ತಿದ್ದ ತನ್ನ ಹಸುವನ್ನು ಕರೆದು ಕರೆದು ಅದನ್ನು ಪಳಗಿಸಿದಳು. ಕಿರುಚಿದರೆ ಹಸು ಬಾಲವೆತ್ತಿ ದೂರ ಓಡುತ್ತದೆ. ಪಿಸುಗುಟ್ಟಿದರೆ ಕಿವಿಯನ್ನೂ ಆಡಿಸುವುದಿಲ್ಲ. ಹೊಟ್ಟೆಯಿಂದ ನಿಧಾನವಾಗಿ, ದನಿಯನ್ನು ಒಂದು ಮೆಟ್ಟಿಲು ಇಳಿಸಿ ಕರೆದರೆ, ಮೇವು ಬಿಟ್ಟು ತಿರುಗಿ ನೋಡುತ್ತದೆ. "ಅಸ ತಿರುಗ್ತು ಅಂದ್ರೆ ದನಿ ಅಣ್ಣಾಯ್ತು ಅಂತ ಲೆಕ್ಕ ಸಾ." ನಾನು ಒಂದು ದಿನ ಮನೆಯಲ್ಲಿ ನನ್ನ ಹೆಂಡತಿಯ ಮೇಲೆ ಆ ದನಿಯನ್ನು ಪ್ರಯೋಗ ಮಾಡಿದೆ. "ಗಂಟ್ಲು ಕಟ್ಟಿದ್ರೆ ಕಷಾಯ ಕುಡೀರಿ" ಅಂದಳು.

ಹೀಗೆ ಎಲ್ಲರಿಂದ ಒಂದೊಂದು ತಂದುಕೊಂಡರೆ ಕೊನೆಗೆ ನಿನ್ನದು ಅನ್ನೋದು ಏನು ಉಳಿಯಿತವ್ವ ಎಂದು ನಾನೊಮ್ಮೆ ಕೆಣಕಿದ್ದೆ. ಅವಳು ತಡಮಾಡದೆ ಹೇಳಿದಳು, "ಮೊಸ್ರಿನ್ ಎಪ್ಪು ಪಕ್ಕದ್ ಮನೇದು ಸಾ. ಆಲು ನಂದೇ."

ಎಲ್ಲವೂ ಸಲೀಸಾಗಿ ಆಯಿತೆಂದಲ್ಲ. ಕಣ್ಣಿಗೆ ಕಣ್ಣು ಕೊಡಲು ಹೋಗಿ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳನ್ನು ದಿಟ್ಟಿಸಿ ದಿಟ್ಟಿಸಿ ಅಳಿಸಿಬಿಟ್ಟಳು. ಆ ಹುಡುಗಿಯ ತಾಯಿ ದೃಷ್ಟಿ ತೆಗೆಸಲು ಮೆಣಸಿನಕಾಯಿ ಸುಟ್ಟಳಂತೆ. ಆಮೇಲೆ ಅದನ್ನೂ ತಿದ್ದಿಕೊಂಡಳು. ಮಾತು ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ನೋಡುವುದು, ನಡುವೆ ಅವರ ಕೈ ನೋಡುವುದು. ಕೈ ನೋಡಿದರೆ ಮನಸ್ಸು ಗೊತ್ತಾಗುತ್ತದೆ ಅನ್ನುತ್ತಿದ್ದಳು.

ಕಿರುಚುವ ಕೊನೆಯ ಸೂಪರ್‌ವೈಸರು ಕೆಲಸ ಬಿಟ್ಟು ಹೋದಾಗ ಮ್ಯಾನೇಜರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಆಯಮ್ಮ ಹೋಗಿ ಎದುರಿಗೆ ನಿಂತು, ಆ ಸಾಲಿನ ಮೇಲೆ ತಾನು ನಿಲ್ಲುತ್ತೇನೆ ಅಂದಳು. ಅಷ್ಟು ಹೊತ್ತಿಗೆ ಸಾಲಿನಲ್ಲಿ ಯಾರಿಗೆ ಜಗಳ, ಯಾರಿಗೆ ಜ್ವರ ಎಂದು ತಿಳಿಯಲು ಅವರೇ ಅವಳನ್ನು ಕೇಳತೊಡಗಿದ್ದರು. ಆದರೂ ಅನುಮಾನಪಟ್ಟರು.

"ಅಮ್ಮಾ, ನೀನು ಜೋರು ಮಾಡೋದೇ ಇಲ್ಲ. ಎಂಗೆ ಕೆಲಸ ತೆಗೀತೀಯ?"

"ಈ ಸಲ ಪಕ್ಷದ್ ಅಮಾಸೆ ದಿನ ಸಾಲು ತುಂಬಿಸ್ತೀನಿ ಸಾ. ತುಂಬ್ನಿಲ್ಲ ಅಂದ್ರೆ ನೀವು ಅಂದಂಗೆ ಮಿಸೀನು ಎತ್ಕಂಡೋಗಿ. ತುಂಬ್ತು ಅಂದ್ರೆ ಸಾಲು ಇಲ್ಲೇ ಇರ್ಬೇಕು. ಪಕ್ಷಕ್ಕೆ ಪ್ರತಿ ವರ್ಸ ರಜ ಕೊಡ್ಬೇಕು, ಬೋರ್ಡ್ ಮ್ಯಾಲೆ ಬರೀಬೇಕು."

ಅವರು ಒಪ್ಪಿದರು. ಆದೀತು ಎಂಬ ನಂಬಿಕೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಯಾಕೆಂದರೆ ಆ ವರ್ಷವೂ ಲಾರಿ ಹೊರಡಬೇಕಾದದ್ದು ಅದೇ ಅಮಾವಾಸ್ಯೆಯ ಸಂಜೆಗೆ.

ಪಕ್ಷವೆಂದರೆ ಒಂದೇ ದಿನವಲ್ಲ, ಹುಣ್ಣಿಮೆ ಕಳೆದು ಅಮಾವಾಸ್ಯೆಯವರೆಗೆ ಯಾವತ್ತಾದರೂ ಎಡೆ ಇಡಬಹುದು. ಆದರೆ ಆ ಊರುಗಳಲ್ಲಿ ಅಮಾವಾಸ್ಯೆಯೇ ರೂಢಿ. ಸೊಸೆಯರನ್ನು ಕೇಳಿ ಏನೂ ಪ್ರಯೋಜನವಿಲ್ಲ, ದಿನ ಗೊತ್ತುಮಾಡುವವರು ಅತ್ತೆಯರು. ಅತ್ತೆಯರೆಲ್ಲ ಕಣ್ಣಿಟ್ಟಿದ್ದದ್ದು ದೊಡ್ಡಆಲಹಳ್ಳಿಯ ಒಬ್ಬ ಮುದುಕಿಯ ಮೇಲೆ. ಆ ಅಜ್ಜಿಯ ಒಲೆ ಯಾವತ್ತು ಉರಿಯಿತೋ ಅವತ್ತೇ ಸುತ್ತಲಿನ ನೆಂಟರಿಷ್ಟರ ಮನೆಗಳಲ್ಲೂ ಪಕ್ಷ. ಅಜ್ಜಿಯ ಕಿರಿ ಸೊಸೆ ನಮ್ಮ ಸಾಲಿನಲ್ಲೇ ಕಾಲರು ಹೊಲಿಯುತ್ತಿದ್ದಳು. ಅಜ್ಜಿಯ ಬಾಯಿಗೆ ಊರ ಗೌಡರೂ ಹೆದರುತ್ತಿದ್ದರು. ನನ್ನ ಹೆಂಡತಿಯ ತವರು ಅದೇ ಊರಾದ್ದರಿಂದ, ಪಕ್ಷ ಹುಟ್ಟುವ ಮುಂಚಿನ ಒಂದು ಭಾನುವಾರ ನಾವಿಬ್ಬರೂ ಆಯಮ್ಮನ ಜೊತೆ ಹೋದೆವು.

ಅಜ್ಜಿ ಜಗಲಿಯ ಮೇಲೆ ಕಾಲು ನೀಡಿ ಕೂತು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿತ್ತು. ನನ್ನನ್ನು ನೋಡಿ "ಬನ್ನಿ ಅಳಿಯಂದ್ರೆ, ಒಟ್ಟೆ ಒಸಿ ಮುಂದುಕ್ಕೆ ಬಂದೈತೆ" ಎಂದು ಸ್ವಾಗತ ಮಾಡಿತು. ಆಯಮ್ಮನ ಕಡೆ ತಿರುಗಿಯೂ ನೋಡದೆ ಶುರುಮಾಡಿತು.

"ಗೊತ್ತು ಕಣವ್ವ, ನೀ ಯಾಕ್ ಬಂದಿದ್ದೀಯೆ ಅಂತ. ನನ್ ಸೊಸೆ ಆಗ್ಲೇ ಊದವ್ಳೆ. ನಮ್ ಇರೀಕ್ರು ಏನ್ ನಿಮ್ ಪ್ಯಾಟ್ರಿ ಕೂಲಿಯೋರಾ, ನೀವ್ ಗಂಟೆ ಒಡೆದಾಗ ಬಂದು ಉಂಡೋಗಾಕೆ? ಅಟ್ಟಿಗೊಬ್ರು ಎಂಗಸ್ರು ಅಂತ ಇರೋದ್ಯಾಕೆ? ಅಂಗಿ ಒಲ್ಕೊಂಡು ಕುಂತ್ರೆ ಎಡೆ ಇಕ್ಕೋರ್ಯಾರು, ನಿಮ್ ಮ್ಯಾನೇಜ್ರು ಬಂದ್ ವಡೆ ತಟ್ತಾನಾ?"

ಆಯಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟಳು. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ, ಅಜ್ಜಿಯ ಕಡೆಗೆ ಮೈ ತಿರುಗಿಸಿ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಅಜ್ಜಿ ಬೈಯಿತು, ನಡುವೆ ಎಲೆಅಡಿಕೆ ಹಾಕಿಕೊಂಡು ಮತ್ತೆ ಬೈಯಿತು. ನನಗೆ ತಡೆಯಲಾರದೆ ಲಾರಿಯ ವಿಷಯ ಎತ್ತಲು ಬಾಯಿ ತೆರೆದೆ. ನನ್ನ ಹೆಂಡತಿ ತೊಡೆ ಚಿವುಟಿದಳು.

ಬೈಗುಳಕ್ಕೆ ಎದುರು ಮಾತು ಬರದಿದ್ದರೆ ಅದಕ್ಕೂ ಬೇಸರವಾಗುತ್ತದೆ. ಅಜ್ಜಿಯ ಕತ್ತಿ ನಿಧಾನವಾಯಿತು.

"ಯಾಕವ್ವ, ಬಾಯಿಗೆ ಬೀಗ ಆಕ್ಕಂಡ್ ಬಂದಿದ್ದೀಯಾ?"

ಆಯಮ್ಮ ಆ ಹಸು ಕರೆಯುವ ದನಿಯಲ್ಲಿ ಕೇಳಿದಳು: "ತಾತಂಗೆ ಏನ್ ಇಷ್ಟ ಅಜ್ಜಿ? ಎಡೆಗೆ ಏನೇನ್ ಇಕ್ಕೀರಿ?"

ಕತ್ತಿ ನಿಂತೇಹೋಯಿತು. ತಾತ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಏನು ಅಡುಗೆ ಎಂದು ಅಜ್ಜಿಯನ್ನು ಕೇಳಿದವರಿದ್ದರು, ಅವನಿಗೆ ಏನು ಇಷ್ಟ ಎಂದು ಕೇಳಿದವರು ಇರಲಿಲ್ಲವೇನೋ. ಸೊಪ್ಪಿನ ಮಂಕರಿಯನ್ನು ಅಜ್ಜಿ ಕಾಲಿನಿಂದ ದೂರ ತಳ್ಳಿತು.

"ಅವ್ನಿಗಾ? ಕಜ್ಜಾಯ. ಅದೂ ತಣ್ಣಗಾಗಿದ್ದು. ಬಿಸೀದು ಇಕ್ಕಿದ್ರೆ ಮೊಕ ತಿರುಗ್ಸೋನು. ಜೊತೆಗೊಂದ್ ಬೀಡಿ ಕಟ್ಟು. ಉಣ್ಣಾಕೆ ಕೂಗುದ್ರೆ 'ಬಂದೆ ಕಣಮ್ಮಿ' ಅನ್ನೋನು, ಅಂಗೇ ಕೆರೆ ಏರಿ ಮ್ಯಾಲೆ ಓಗಿ ಕುಂತ್ಕಳೋನು."

"ಟೈಮಿಗೆ ಉಣ್ತಿರ್ನಿಲ್ವಾ?"

"ಟೈಮಾ!" ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಿತು. "ಬದ್ಕಿದ್ದಾಗ ಒಂದಿನಾನೂ ಟೈಮಿಗೆ ಉಣ್ನಿಲ್ಲ ಮುಂಡೇದು, ಸತ್ಮ್ಯಾಲೆ ಅವ್ನಿಗೇನ್ ಟೈಮು!"

ಅಂದದ್ದೇ, ತನ್ನ ಮಾತು ತನಗೇ ಕೇಳಿಸಿದ ಹಾಗೆ ಅಜ್ಜಿ ಬಾಯಿ ಮುಚ್ಚಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಗಬಕ್ಕನೆ ಹಿಡಿದು ಗೆದ್ದುಬಿಡುತ್ತಿದ್ದರು, ಗೆದ್ದು ಕೆಡಿಸುತ್ತಿದ್ದರು. ಆಯಮ್ಮ ಅಜ್ಜಿಯ ಕೈಗಳನ್ನು ನೋಡುತ್ತಾ ಕೂತಳು. ಆ ಕೈ ಒಂದು ಸೊಪ್ಪಿನ ಎಲೆಯನ್ನು ಎತ್ತಿ ಮಡಚಿತು, ಬಿಡಿಸಿತು, ಮತ್ತೆ ಮಡಚಿತು.

"ಅಮಾಸೆಗೆ ಮುಂಚಿನ್ ಭಾನ್ವಾರ ಇಕ್ಕಿದ್ರೆ," ಅಜ್ಜಿ ನಿಧಾನವಾಗಿ ಅಂದಿತು, "ನಿಮ್ ಪ್ಯಾಟ್ರಿ ಉಳೀತದಾ?"

"ನಮ್ ಸಾಲು ಉಳೀತದೆ ಅಜ್ಜಿ. ಮ್ಯಾನೇಜ್ರುಗೆ ಯೋಳಿ ಶನ್ವಾರ ಮದ್ದ್ಯಾನ್ವೇ ಎಲ್ರುನ್ನೂ ಕಳುಸ್ತೀನಿ. ನಿಮ್ ಸೊಸೇನೂ. ಒಲೆ ಮುಂದೆ ನಿಮ್ಗೆ ಕೈಜೋಡ್ಸ್ಲಿ. ಮುಂದಿನ್ ವರ್ಸದಿಂದ ಅಮಾಸೆಗೇ ರಜ."

"ರಜ ಕೊಡ್ತಾರೆ ಅಂತ ಯಾರಂದ್ರು?"

"ನಾನ್ ಕೇಳಿವ್ನಿ. ಅವ್ರು ಊಂ ಅಂದವ್ರೆ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಒಳಗಿನ ಸೊಸೆಗೆ ಕೇಳಿಸುವ ಹಾಗೆ ಕೂಗಿತು: "ಲೇ ಅಮ್ಮಿ, ಅಕ್ಕಿ ನೆನೆ ಆಕೋ ದಿನ ಮರೀಬ್ಯಾಡ. ಈ ಸಲ ನಿಮ್ ಮಾವ ಒಸಿ ಬಿರ್ನೇ ಬತ್ತಾನೆ!"

ಸುದ್ದಿ ಹರಡಿತು. ಹರಡಿದ್ದು ಸರಿ. ಆದರೆ ರೂಢಿ ಅನ್ನುವುದು ಹಳೇ ಎತ್ತಿನ ಹಾಗೆ, ಹೊಸ ದಾರಿಗೆ ತಿರುಗಿಸಿದರೂ ನಡುವೆ ನಿಂತು ಹಳೇ ದಾರಿಯ ಕಡೆಗೇ ಕತ್ತು ಹೊರಳಿಸುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಮ್ಯಾನೇಜರು ಗೇಟಿನ ಹತ್ತಿರ ಬಂದು ಹಿಂದೆ ಕೈಕಟ್ಟಿ ನಿಂತರು. ನಾನೂ ಸ್ಟೋರಿಗೆ ಬೀಗ ಹಾಕಿ ಬಂದು ನಿಂತೆ. ಆಯಮ್ಮ ಬಸ್ಸಿನಲ್ಲೇ ಬರುವವಳು, ಅವಳ ಮುಖ ನೋಡಿ ಧೈರ್ಯ ತೆಗೆದುಕೊಳ್ಳುವ ಹಾಗೂ ಇರಲಿಲ್ಲ. ಬೇರೆ ಬೇರೆ ಊರಿನ ಬಸ್ಸುಗಳು ಬಂದವು. ಸಾತನೂರಿನದು ಬರಲಿಲ್ಲ. ಸೈರನ್ನು ಕೂಗಿತು. ಆಗಲೂ ಇಲ್ಲ. ಮ್ಯಾನೇಜರು ನನ್ನ ಮುಖ ನೋಡಿ ತಲೆ ಆಡಿಸಿದರು. ಲೈನು ಎತ್ತುವ ದಿನವನ್ನು ಮನಸ್ಸಿನಲ್ಲೇ ಹಾಕಿಕೊಂಡಿದ್ದರೋ ಏನೋ.

ಆಗ ರಸ್ತೆಯ ತಿರುವಿನಲ್ಲಿ ಒಂದು ಕಡೆಗೆ ವಾಲಿಕೊಂಡು ಬಸ್ಸು ಕಾಣಿಸಿತು. ಫುಟ್‌ಬೋರ್ಡಿನವರೆಗೆ ಜನ. ಗೇಟಿನ ಮುಂದೆ ನಿಂತದ್ದೇ ಕಂಡಕ್ಟರು ಕೆಳಗೆ ಜಿಗಿದು, "ಇನ್ಮ್ಯಾಲೆ ನಿಮ್ ಕಂಪ್ನಿಗೆ ಎಲ್ಡ್ ಬಸ್ಸು ಬೇಕು ಸಾ. ದಾರಿ ಉದ್ದುಕ್ಕೂ ಕೈ ಅಡ್ಡ ಇಟ್ಟಿದ್ದೇ ಇಟ್ಟಿದ್ದು!" ಎಂದು ಬೆವರು ಒರೆಸಿಕೊಂಡ.

ಮೊದಲು ಇಳಿದದ್ದು ನಮ್ಮ ದೊಡ್ಡಆಲಹಳ್ಳಿಯ ಅಜ್ಜಿ. ಕಂಕುಳಲ್ಲಿ ಕಜ್ಜಾಯ, ವಡೆಯ ಬುಟ್ಟಿ.

ವಾಚ್‌ಮನ್ ಅಡ್ಡ ಬಂದ. "ಅಜ್ಜೀ, ಕಾರ್ಡ್ ಇಲ್ದೋರ್ನ ಒಳೀಕೆ ಬುಡಾಕಿಲ್ಲ."

"ನಮ್ ಇರೀಕ್ರುನ್ನೇ ದಿನ ಬದ್ಲಾಯ್ಸಿ ಕರ್ಸಿ ಕಳ್ಸಿವ್ನಿ, ನೀನ್ಯಾವನ್ಲಾ ನನ್ನ ನಿಲ್ಸೋನು? ಎಲ್ಲವ್ನೆ ನಿಮ್ ಮ್ಯಾನೇಜ್ರು? ವಡೆ ತಣ್ಣಗಾಯ್ತದೆ!"

ಅಜ್ಜಿಯ ಹಿಂದೆ ಸೊಸೆ ಇಳಿದಳು. ಅವಳ ಹಿಂದೆ ಒಬ್ಬಳು, ಇನ್ನೊಬ್ಬಳು. ತಲೆ ತುಂಬ ಹೂವು, ಹಣೆಯಲ್ಲಿ ಕುಂಕುಮ, ಒಬ್ಬರನ್ನೊಬ್ಬರು ನೂಕುತ್ತಾ, ನಗುತ್ತಾ ಇಳಿದರು. ಕೊನೆಯವಳಾಗಿ ಇಳಿದವಳು ಆಯಮ್ಮ. ಮ್ಯಾನೇಜರು ಸಾಲನ್ನು ಒಂದು ಸಲ ಕಣ್ಣಲ್ಲೇ ಅಳೆದರು. ಯಾರೂ ತಪ್ಪಿಸಿಕೊಂಡಿರಲಿಲ್ಲ. ವಡೆ ಕೈಗೆ ಬಂದದ್ದೂ ಗೊತ್ತಾಗದೆ ಕಚ್ಚುತ್ತಾ ಕೇಳಿದರು:

"ಅಮ್ಮಾ, ಏನ್ ಹೇಳ್ದೆ ಇವರಿಗೆಲ್ಲಾ?"

"ಯೋಳಿದ್ದು ಕಮ್ಮಿ ಸಾ. ಕೇಳಿದ್ದೇ ಜಾಸ್ತಿ."

ಅವತ್ತು ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳು ಓಡಿದ ಹಾಗೆ ಹಿಂದೆಂದೂ ಓಡಿರಲಿಲ್ಲ. ಸೊಸೆಯ ಪಕ್ಕದಲ್ಲಿ ಸ್ಟೂಲು ಹಾಕಿಸಿಕೊಂಡು ಕೂತ ಅಜ್ಜಿ, "ನಂ ಉಡ್ಗಿ ಒಲೆಯೋದ್ ನೋಡ್ರೇ, ಮಳೆ ಉಯ್ದಂಗೆ" ಎಂದು ಸುತ್ತಲಿನವರಿಗೆ ಸಾರುತ್ತಿತ್ತು. ಆ ಸೊಸೆ ಹೊಲಿಯುತ್ತಾ ಹೊಲಿಯುತ್ತಾ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಹೊತ್ತು ಇಳಿಯುವ ಮುಂಚೆಯೇ ಕೊನೆಯ ಪೆಟ್ಟಿಗೆಗೆ ಪಟ್ಟಿ ಬಿಗಿದರು. ಲಾರಿ ತುಂಬಿ ಗೇಟು ದಾಟಿ, ಬೆಂಗಳೂರು ರಸ್ತೆಗೆ ತಿರುಗಿತು. ಮ್ಯಾನೇಜರು ಒಳಗೆ ಬಂದು, ಸಾಲು ಇಲ್ಲೇ ಇರುತ್ತದೆ, ಇವತ್ತಿನಿಂದ ಈ ಅಮ್ಮನೇ ಇದಕ್ಕೆ ಸೂಪರ್‌ವೈಸರು, ಪಕ್ಷದ ರಜದ ಸಂಗತಿ ನಾಳೆಯೇ ಬೋರ್ಡಿಗೆ ಏರುತ್ತದೆ ಎಂದು ತಮ್ಮ ಅರೆಗನ್ನಡದಲ್ಲಿ ಹೇಳಿ, "ಮಾತಾಡಮ್ಮಾ" ಎಂದು ಪಕ್ಕಕ್ಕೆ ಸರಿದರು.

ಆಯಮ್ಮ ಮುಂದೆ ಬಂದಳು. ಅವಳು ಬಾಯಿ ತೆರೆಯುವ ಮುಂಚೆಯೇ, ಯಾರೂ ಹೇಳದೆ, ಒಬ್ಬೊಬ್ಬರಾಗಿ ಎಲ್ಲರೂ ಯಂತ್ರಗಳನ್ನು ಆರಿಸಿದರು. ಪಕ್ಕದ ಸಾಲಿನವರೂ ಆರಿಸಿದರು. ಅವಳು ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಅವಸರ ಮಾಡಲಿಲ್ಲ. ಆಮೇಲೆ ದನಿಯೇರಿಸದೆ ಹೇಳಿದಳು:

"ನಾಳೀಕೆ ಬಸ್ಸು ಒಸಿ ತಡ ಅಂತ ಕಂಡಕ್ಟ್ರು ಅಂದವ್ನೆ. ಕಣ್ತುಂಬ ನಿದ್ದೆ ಮಾಡ್ಬುಟ್ಟು ಬನ್ನಿ."

ಎದ್ದಿತು ನೋಡಿ ಕೇಕೆ! ತಗಡಿನ ಸೂರು ಅದುರಿ, ಅದರ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿಹೋದವು.